ಪದಚರ್ಚೆ: ‘ಪ್ಲೇಟ್ ರಿವರ್ಬ್’ಗೆ ಏನನ್ನೋಣ? ಶನಿವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಸಣ್ಣ ರೆಕಾರ್ಡಿಂಗ್ ರೂಮ್ ಇಟ್ಟುಕೊಂಡಿದ್ದೇನೆ. ಭಾನುವಾರ ಹತ್ತು ಹನ್ನೆರಡು ಹುಡುಗರು ಡ್ರಮ್ಸ್ ಮಿಕ್ಸಿಂಗ್ ಕಲಿಯಲು ಬರುತ್ತಾರೆ. ಅವರಿಗೆ ಕೊಡುವ ಎರಡು ಪುಟ ಕನ್ನಡದಲ್ಲೇ ಇರಲಿ ಅಂತ ಆಸೆ. ಶನಿವಾರ ಬೆಳಿಗ್ಗೆ ಜೆರಾಕ್ಸ್ ಅಂಗಡಿಗೆ ಕೊಡಬೇಕು.

ವಸ್ತು ಇದು. ರಿವರ್ಬ್ ಅಂದರೆ ಮೂಲ ಸದ್ದು ನಿಂತ ಮೇಲೂ ಉಳಿಯುವ ನಾದ; ಅದನ್ನು ಲೋಹದ ಹಾಳೆಯಿಂದ ಪಡೆಯುವುದು ಪ್ಲೇಟ್ ರಿವರ್ಬ್. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ‘140’ ಅನ್ನುವ ಯಂತ್ರ ತಂದಿತು. 2 ಮೀಟರ್ ಉದ್ದ, 1 ಮೀಟರ್ ಅಗಲದ ಉಕ್ಕಿನ ಹಾಳೆ. ದಪ್ಪ ಬರೀ ಅರ್ಧ ಮಿಲಿಮೀಟರ್. ಅದನ್ನು ಚೌಕಟ್ಟಿಗೆ ಎಳೆದು ಬಿಗಿದಿರುತ್ತಾರೆ. ಒಂದು ಡ್ರೈವರ್ ಹಾಳೆಯನ್ನು ನಡುಗಿಸುತ್ತದೆ, ಪಿಕಪ್‌ಗಳು ಆ ನಡುಕವನ್ನು ಹಿಡಿದು ಮತ್ತೆ ಸದ್ದು ಮಾಡುತ್ತವೆ. ಪಕ್ಕದ ಡ್ಯಾಂಪರ್ ಹತ್ತಿರ ತಂದರೆ ಸದ್ದು ಬೇಗ ಅಡಗುತ್ತದೆ, ದೂರ ಸರಿಸಿದರೆ ಜಾಸ್ತಿ ಹೊತ್ತು ಉಳಿಯುತ್ತದೆ. ಕಾಲು ಟನ್ ತೂಗುವ ಆ ಯಂತ್ರದ ಕೆಲಸವನ್ನು ಈಗ ಲ್ಯಾಪ್‌ಟಾಪಿನ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪ್ರೋಗ್ರಾಂ) ಮಾಡುತ್ತದೆ.

ನಾನು ‘ತಗಡಿನ ಮಾರ್ದನಿ’ ಅಂತ ಬರೆದಿದ್ದೇನೆ. ಸರಿಯೇ? ಪ್ಲಗಿನ್ ಹೀಗೆ ಹಳೆಯ ಯಂತ್ರದಂತೆ ಸದ್ದು ಕೊಡುವುದಕ್ಕೆ, ಅಂದರೆ ‘ಎಮ್ಯುಲೇಟ್’ ಮಾಡುವುದಕ್ಕೆ ಏನನ್ನಲಿ? ಸದ್ದು ಅಡಗಲು ಹಿಡಿಯುವ ಹೊತ್ತು, ಅಂದರೆ ‘ಡಿಕೇ’ಗೆ?

— ಗೋಣಿಕೊಪ್ಪ

---

ಸರಿಯಲ್ಲ. ‘ತಗಡು ಸೌಂಡ್’ ಅಂದರೆ ಕೆಟ್ಟ ಸೌಂಡ್ ಅಂತ ಮಕ್ಕಳಿಗೂ ಗೊತ್ತು. ಭೌತಶಾಸ್ತ್ರದ ಪುಸ್ತಕಗಳಲ್ಲಿ ‘ಅನುರಣನ’ ಇದೆ. ‘ಫಲಕ ಅನುರಣನ’ ಅಂತ ಹಾಕಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

— ಮೈಸೂರು

---

ಚರ್ಚೆಗೆ ಇದೆ. ‘ಅನುರಣನ’ ಯಾರ ಬಾಯಲ್ಲಿದೆ ಹೇಳಿ. ತಗಡು ನಮ್ಮ ಪದ, ತಮಿಳು ತೆಲುಗಿನಲ್ಲೂ ಇರುವ ಪದ. ಮಾರ್ದನಿಯೂ ನಮ್ಮದೇ. ‘ಫಲಕ’ ಯಾಕೆ, ಹಲಗೆ ಇಲ್ಲವಾ? ಹೊಸ ವಸ್ತು ಬಂದಾಗಲೆಲ್ಲ ಸಂಸ್ಕೃತದ ಬಾಗಿಲು ತಟ್ಟುವುದನ್ನು ನಿಲ್ಲಿಸಬೇಕು.

— ಸಾಗರ

---

ಮಾರ್ದನಿಯ ‘ದನಿ’ ಬಂದದ್ದು ‘ಧ್ವನಿ’ಯಿಂದ. ‘ಹಲಗೆ’ ಬಂದದ್ದು ‘ಫಲಕ’ದಿಂದ. ಬಾಗಿಲು ತಟ್ಟಿದ್ದು ನಾನೊಬ್ಬನೇ ಅಲ್ಲ. ಅಲಂಕಾರಶಾಸ್ತ್ರದವರು ‘ಘಂಟಾನುರಣನ’ ಅನ್ನುತ್ತಾರೆ. ಗಂಟೆಗೆ ಏಟು ಬಿದ್ದ ಮೇಲೆ ಉಳಿಯುವ ನಾದ ಅದು. ಇಲ್ಲೂ ಲೋಹವೇ ಮಿಡಿಯುವುದು. ಇದಕ್ಕಿಂತ ಒಪ್ಪುವ ಪದ ಬೇಕಾ?

— ಮೈಸೂರು

---

ಗೋಣಿಕೊಪ್ಪದವರಿಗೆ ಪದ ಬೇಕಿರುವುದು ಶನಿವಾರಕ್ಕೆ. ಆದ್ದರಿಂದ ಕಿವಿಗೆ ಏನು ಕೇಳಿಸುತ್ತದೆ ಅನ್ನುವುದರಿಂದ ಹೊರಡೋಣ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಕೋವಿ ಹಾರಿಸುತ್ತೇವಲ್ಲ, ಆಗ ‘ಢಂ’ ಅನ್ನುತ್ತದೆ, ಒಂದು ಕ್ಷಣ ಸುಮ್ಮನಾಗುತ್ತದೆ, ಆಮೇಲೆ ಎದುರಿನ ಬೆಟ್ಟದಿಂದ ಇನ್ನೊಂದು ‘ಢಂ’ ಬರುತ್ತದೆ. ಮಾರ್ದನಿ ಅಂದರೆ ಅದು. ನಾವು ಕೂಗಿದ್ದಕ್ಕೆ ಬೆಟ್ಟ ಕೊಡುವ ಮರುಮಾತು. ಪ್ಲೇಟ್‌ನಲ್ಲಿ ಹಾಗೆ ಬೇರೆಯಾಗಿ ಕೇಳುವ ಮರುಮಾತೇ ಇಲ್ಲ. ಸ್ನೇರ್ ಡ್ರಮ್‌ಗೆ ಏಟು ಬಿದ್ದ ಕೂಡಲೇ ದಟ್ಟವಾದ ನಾದ ಅದನ್ನು ಸುತ್ತಿಕೊಳ್ಳುತ್ತದೆ. ಇನ್ನೂ ಒಂದು ವಿಶೇಷ: ಗಾಳಿಯಲ್ಲಿ ಎಲ್ಲ ಸ್ವರಗಳೂ ಒಂದೇ ವೇಗದಲ್ಲಿ ಹೋಗುತ್ತವೆ. ತೆಳು ಉಕ್ಕಿನಲ್ಲಿ ಹಾಗಲ್ಲ, ಮೇಲಿನ ಸ್ವರಗಳು ಮುಂದೆ ಓಡುತ್ತವೆ. ಸ್ನೇರ್‌ನ ಹಿಂದೆಯೇ ಬರುವ ಆ ‘ಚುಯ್’ ಅನ್ನುವ ಹೊಳಪು ಅಲ್ಲಿಂದ ಬಂದದ್ದು. ಹಾಗಾಗಿ ಮಾರ್ದನಿ ಬಿಡಿ. ಅನುರಣನವೇ ಸರಿ. ಸಾಗರದವರ ಬೇಸರ ನನಗೂ ಅರ್ಥವಾಗುತ್ತದೆ, ಆದರೆ ಇಲ್ಲಿ ಆ ಪದ ವಸ್ತುವಿಗೆ ಹೊಂದುತ್ತದೆ.

ಹಲಗೆ ಮಾತ್ರ ಬೇಡವೇ ಬೇಡ. ಅದು ಒಂದು ಚರ್ಮವಾದ್ಯದ ಹೆಸರು. ಡ್ರಮ್ಸ್ ಪಾಠದಲ್ಲಿ ‘ಹಲಗೆ’ ಅಂದರೆ ಹುಡುಗರು ಬಾರಿಸಲು ಕೋಲು ಹುಡುಕುತ್ತಾರೆ. ಫಲಕ ಅಂದರೆ ಅಂಗಡಿಯ ಬೋರ್ಡು. ಅರ್ಧ ಮಿಲಿಮೀಟರ್ ದಪ್ಪದ್ದಕ್ಕೆ ನೀವೇ ‘ಹಾಳೆ’ ಅಂದಿದ್ದೀರಿ, ಅದನ್ನೇ ಉಳಿಸಿ. ಒಮ್ಮೆ ವಿವರಿಸಿದ ಮೇಲೆ ‘ಪ್ಲೇಟ್’ ಅಂತಲೇ ಬರೆಯಿರಿ. ಹುಡುಗರ ಸ್ಕ್ರೀನಿನಲ್ಲಿ ಕಾಣುವುದು ಆ ಪದವೇ ಅಲ್ವಾ?

‘ಎಮ್ಯುಲೇಟ್’ಗೆ ಒಂದೇ ಪದ ಸಾಲದು, ಯಾಕೆಂದರೆ ಕೆಲಸವೇ ಎರಡು ಬಗೆ. ಕೆಲವು ಪ್ಲಗಿನ್‌ಗಳಲ್ಲಿ ನಿಜವಾದ ಹಾಳೆಗೆ ಒಂದು ಸದ್ದು ಕೊಟ್ಟು, ಬಂದ ನಾದವನ್ನು ಹಿಡಿದಿಟ್ಟು, ನಮ್ಮ ಡ್ರಮ್ಸ್‌ಗೆ ಅದನ್ನು ಹೊಂದಿಸುತ್ತಾರೆ. ಅದಕ್ಕೆ ‘ಅಚ್ಚು ತೆಗೆಯುವುದು’ ಅನ್ನಿ. ಇನ್ನು ಕೆಲವು ಹಾಳೆಯ ನಡವಳಿಕೆಯನ್ನು ಲೆಕ್ಕ ಹಾಕಿಯೇ ಕಟ್ಟುತ್ತವೆ. ಅದು ‘ಅನುಕರಣೆ’. ‘ನಕಲು’ ಎರಡಕ್ಕೂ ಬೇಡ, ಕಳ್ಳಮಾಲಿನ ವಾಸನೆ ಬರುತ್ತದೆ.

‘ಡಿಕೇ’ಗೆ ನನ್ನ ಆಸೆಯ ಪದ ‘ಇಂಗುವ ಹೊತ್ತು’. ಮಳೆ ನಿಂತ ಮೇಲೆ ಕಾಫಿ ತೋಟದ ನೀರು ಇಂಗುವುದನ್ನು ನೋಡಿದವರಿಗೆ ಅದು ತಾನಾಗಿ ತಿಳಿಯುತ್ತದೆ. ದುಡಿಗೆ (ಕೊಡವರ ಸಣ್ಣ ಚರ್ಮವಾದ್ಯ) ಪ್ಲೇಟ್ ಹಾಕುವಾಗ ನಾನು ಇದನ್ನು ಒಂದು ಸೆಕೆಂಡಿಗಿಂತ ಮೇಲೆ ಬಿಡುವುದಿಲ್ಲ. ಬಿಟ್ಟರೆ ದುಡಿ ಬಾರಿಸುತ್ತ ಹಾಡುವ ನಾಲ್ವರ ಮಾತು ಮುಳುಗಿಹೋಗುತ್ತದೆ.

— ಮಡಿಕೇರಿ

---

‘ಇಂಗು’ ಚೆನ್ನಾಗಿದೆ. ಅನುರಣನ ಒಪ್ಪುವುದಿಲ್ಲ.

— ಸಾಗರ

---

ಇಂಗುವುದು ನೀರು, ನಾದವಲ್ಲ. ನಾದ ‘ಅಡಗುತ್ತದೆ’.

— ಮೈಸೂರು

---

ಎಲ್ಲರಿಗೂ ಧನ್ಯವಾದ. ಜೆರಾಕ್ಸಿಗೆ ಹೋಗುವ ಸಾಲುಗಳು ಇವು:

“ಉಕ್ಕಿನ ಹಾಳೆಯ ಅನುರಣನವನ್ನೇ ಪ್ಲೇಟ್ ರಿವರ್ಬ್ ಅನ್ನುತ್ತೇವೆ. ನಿಮ್ಮ ಪ್ಲಗಿನ್ ಹಳೆಯ ಹಾಳೆಯ ಅಚ್ಚೋ ಅನುಕರಣೆಯೋ ಅಂತ ಮೊದಲು ತಿಳಿದುಕೊಳ್ಳಿ. ಸ್ನೇರ್‌ಗೆ ಇಂಗುವ ಹೊತ್ತು ಒಂದೂವರೆ ಸೆಕೆಂಡಿನಿಂದ ಶುರು ಮಾಡಿ. ಕಿಕ್ ಡ್ರಮ್‌ಗೆ ಹಾಕಬೇಡಿ.”

— ಗೋಣಿಕೊಪ್ಪ