ಉತ್ತರ ಬೇಡದ ಪ್ರಶ್ನೆಗೆ ‘ಕಾಕು’ ಎನ್ನಬಹುದೇ?

ಬಲ್ಲವರಲ್ಲಿ ‘ಕಾಕು’ (ದನಿಯಿಂದಲೇ ಅರ್ಥ ತಿರುಗಿಸುವುದು) ಎಂಬ ಪದದ ವಿಚಾರವಾಗಿ ಕೇಳಬೇಕಾಗಿದೆ. ಕೇಳುಗರಿಂದ ಉತ್ತರವನ್ನು ಬಯಸದೆ, ಉತ್ತರವನ್ನು ತನ್ನೊಳಗೇ ಅಡಗಿಸಿಕೊಂಡು ಬರುವ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ‘ಆಲಂಕಾರಿಕ ಪ್ರಶ್ನೆ’ ಎನ್ನುತ್ತೇವೆ. ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಪ್ಯಾಟ್ರಿಕ್ ಹೆನ್ರಿಯ 1775ರ ಭಾಷಣವನ್ನು ಕನ್ನಡಕ್ಕೆ ತರಲು ಕೂತಾಗ ಈ ಹೆಸರು ನನಗೆ ಒಗ್ಗದೆ ಹೋಯಿತು. ಅಲಂಕಾರವೆಂದರೆ ತೆಗೆದಿಟ್ಟರೂ ಮೈಗೆ ಊನವಾಗದ ಒಡವೆ ಎಂಬ ಭಾವನೆ ಇಂದಿನ ಓದುಗರಲ್ಲಿದೆ. ಹೆನ್ರಿಯ ಮಾತಿನಿಂದ ಪ್ರಶ್ನೆಗಳನ್ನು ತೆಗೆದಿಟ್ಟರೆ ವಾದವೇ ಉಳಿಯುವುದಿಲ್ಲ.

ಸಂದರ್ಭವನ್ನು ಚುಟುಕಾಗಿ ಹೇಳುತ್ತೇನೆ. ಆ ವರ್ಷದ ಮಾರ್ಚ್ 23ರಂದು, ವರ್ಜೀನಿಯಾದ ರಿಚ್ಮಂಡಿನಲ್ಲಿ, ಇಂದು ಸೇಂಟ್ ಜಾನ್ಸ್ ಎಂದು ಹೆಸರಾಗಿರುವ ಚರ್ಚಿನಲ್ಲಿ ಆ ಬ್ರಿಟಿಷ್ ವಸಾಹತಿನ ಪ್ರತಿನಿಧಿಗಳು ಸೇರಿದ್ದರು. ಪೇಟನ್ ರ‍್ಯಾಂಡಾಲ್ಫ್ ಅಧ್ಯಕ್ಷರು. ಜಾರ್ಜ್ ವಾಷಿಂಗ್ಟನ್, ಥಾಮಸ್ ಜೆಫರ್ಸನ್ ಇಬ್ಬರೂ ಸಭೆಯಲ್ಲಿದ್ದರು. ನಾಗರಿಕ ಪಡೆಯನ್ನು ಕಟ್ಟಿ ವಸಾಹತನ್ನು ರಕ್ಷಣೆಗೆ ಅಣಿಗೊಳಿಸಬೇಕೆಂಬುದು ಹೆನ್ರಿಯ ಗೊತ್ತುವಳಿ. ಇನ್ನೂ ಸ್ವಲ್ಪ ಕಾಯೋಣ, ರಾಜಿಯಾದೀತು ಎಂಬುದು ಎದುರು ಪಕ್ಷ. ನಾವು ಇಂದು ಓದುವ ಪಾಠ ಅಚ್ಚಾದದ್ದು 1817ರಲ್ಲಿ, ವಿಲಿಯಂ ವರ್ಟ್ ಬರೆದ ಜೀವನಚರಿತ್ರೆಯಲ್ಲಿ. ಅಷ್ಟರಲ್ಲಿ ಭಾಷಣವಾಗಿ 42 ವರ್ಷಗಳೂ ಹೆನ್ರಿ ತೀರಿಕೊಂಡು 18 ವರ್ಷಗಳೂ ಕಳೆದಿದ್ದವು. ಅಂದು ಕೇಳಿದ್ದವರ ನೆನಪನ್ನು ಆಧರಿಸಿ ವರ್ಟ್ ಅದನ್ನು ಕಟ್ಟಿಕೊಟ್ಟ. ದನಿ ಹೋಗಿ ಮಾತು ಮಾತ್ರ ಉಳಿದಿದೆ ಎಂಬುದು ನನ್ನ ಪ್ರಶ್ನೆಗೂ ಸಂಬಂಧಿಸಿದ ಸಂಗತಿಯೇ.

ನಾವು ದುರ್ಬಲರು ಎನ್ನುತ್ತಾರೆ, ಆದರೆ ಬಲಶಾಲಿಗಳಾಗುವುದು ಯಾವಾಗ ಎಂದು ಹೆನ್ರಿ ಕೇಳುತ್ತಾನೆ. ನಾನು ಮೊದಲು ಬರೆದದ್ದು ಹೀಗಿತ್ತು: ‘ಮುಂದಿನ ವಾರವೇ? ಮುಂದಿನ ವರ್ಷವೇ?’ ಓದಿ ನೋಡಿದರೆ ತಂತಿ ಕಚೇರಿಯ ವಿಚಾರಣೆಯಂತೆ ಕೇಳಿಸಿತು. ಕನ್ನಡದ ಏಕಾರಕ್ಕೆ ಎರಡು ಕೆಲಸ. ‘ಮುಂದಿನ ವಾರವೇ ಬರುತ್ತೇನೆ’ ಎಂಬಲ್ಲಿ ಅದು ಅವಧಾರಣೆ (ಒತ್ತಿ ಹೇಳುವುದು), ‘ಮುಂದಿನ ವಾರವೇ?’ ಎಂಬಲ್ಲಿ ಪ್ರಶ್ನೆ. ಎರಡನ್ನೂ ಬೇರ್ಪಡಿಸುವುದು ಆಡುವವರ ದನಿ. ಅಚ್ಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದೇ ಗತಿ. ಇನ್ನು ಈ ಪ್ರಶ್ನೆ ನಿಜವಾದದ್ದೋ ಅಥವಾ ‘ಎಂದಿಗೂ ಇಲ್ಲ’ ಎಂಬ ಉತ್ತರವನ್ನು ಒಳಗಿಟ್ಟುಕೊಂಡದ್ದೋ ಎಂಬುದನ್ನು ಆ ಚಿಹ್ನೆಯೂ ಹೇಳಲಾರದು.

ಕೊನೆಗೆ ಕೈಹಿಡಿದದ್ದು ಕ್ರಿಯಾಪದದ ಸಂಭಾವನಾರೂಪ, ಅಂದರೆ ‘ಬಂದೀತು’ ಎಂಬಂಥ ಸಂಶಯದ ರೂಪ. ‘ಮುಂದಿನ ವಾರ ಬಲ ಬರುತ್ತದೆಯೇ?’ ಎಂದರೆ ತಿಳಿಯದವನು ಕೇಳಿದ ಹಾಗೆ. ‘ಮುಂದಿನ ವಾರ ಬಲ ಬಂದೀತೇ?’ ಎಂದರೆ ಕೇಳುವವನಿಗೆ ನಂಬಿಕೆಯಿಲ್ಲ. ‘ಕೈಕಟ್ಟಿ ಕೂತವರಿಗೆ ಬಲ ಬರುವುದುಂಟೇ?’ ಎಂದರೆ ಬಾಗಿಲು ಮುಚ್ಚಿಯೇ ಹೋಯಿತು. ದನಿಯ ಏರಿಳಿತದಿಂದ ಮಾಡಬೇಕಾದ ಕೆಲಸವನ್ನು ಕನ್ನಡವು ಪ್ರತ್ಯಯದಿಂದಲೇ ಮಾಡಿ ಮುಗಿಸುತ್ತದೆ. ಇದರ ಮುಂದಿನ ಪ್ರಶ್ನೆಯಲ್ಲಿ ಹೆನ್ರಿ ವರಸೆಯನ್ನು ಬದಲಿಸುತ್ತಾನೆ: ನಮ್ಮ ಆಯುಧಗಳನ್ನೆಲ್ಲ ಕಿತ್ತುಕೊಂಡು ಮನೆಮನೆಗೂ ಬ್ರಿಟಿಷ್ ಕಾವಲು ಹಾಕಿದ ಮೇಲೆಯೇ? ಮೊದಲೆರಡು ಪ್ರಶ್ನೆಗಳು ಎದುರಾಳಿಯ ‘ಕಾಯೋಣ’ವನ್ನು ವಾರ ಮತ್ತು ವರ್ಷದ ಲೆಕ್ಕದಲ್ಲಿ ಅಳೆಯುತ್ತವೆ, ಮೂರನೆಯದು ಅದೇ ಕಾಲಗಣನೆಯ ವೇಷದಲ್ಲಿ ಬಂದು, ಕಾಯುವುದರ ಫಲವನ್ನು ಕಣ್ಣಮುಂದೆ ನಿಲ್ಲಿಸುತ್ತದೆ. ಇಲ್ಲಿ ಏಕಾರವೇ ಸಾಕು, ‘ಉಂಟೇ’ ಹಾಕಿದರೆ ಮಾತು ಸಡಿಲವಾಗುತ್ತದೆ.

ಈಗ ಪದಕ್ಕೆ ಬರುತ್ತೇನೆ. ದನಿಯ ಬಲದಿಂದ ಅರ್ಥ ತಿರುಗುವುದನ್ನು ನಮ್ಮ ಕಾವ್ಯಮೀಮಾಂಸಕರು ‘ಕಾಕು’ ಎಂದರು. ನಾಟ್ಯಶಾಸ್ತ್ರದ ಭರತ ಅದನ್ನು ಸಾಕಾಂಕ್ಷ (ಅರ್ಥ ಇನ್ನೂ ಪೂರ್ಣವಾಗದ್ದು), ನಿರಾಕಾಂಕ್ಷ (ಅರ್ಥ ಪೂರ್ಣವಾದದ್ದು) ಎಂದು ಎರಡಾಗಿಸಿದ. ಮುಂದೆ ಆಲಂಕಾರಿಕರಲ್ಲಿ ರುದ್ರಟ ವಕ್ರೋಕ್ತಿ (ಮಾತನ್ನು ಬೇರೆ ಅರ್ಥಕ್ಕೆ ತಿರುಗಿಸುವ) ಅಲಂಕಾರದ ಒಂದು ಬಗೆಯಾಗಿ ಕಾಕುವನ್ನು ಸೇರಿಸಿದರೆ, ರಾಜಶೇಖರ ಒಪ್ಪಲಿಲ್ಲ. ಅದು ಪಾಠಧರ್ಮ, ಅಂದರೆ ಓದುವ ರೀತಿಗೆ ಸೇರಿದ ಗುಣ, ಅಲಂಕಾರ ಹೇಗಾದೀತು ಎಂದು ಕೇಳಿದ. (ಕಾಕುವಿನ ಬಗ್ಗೆ ಕೇಳಿದ ಆ ಪ್ರಶ್ನೆಯೂ ಕಾಕುವೇ ಎಂಬುದನ್ನು ಗಮನಿಸಬೇಕು.) ಆಕ್ಷೇಪವನ್ನು ಒಡಲಲ್ಲಿಟ್ಟುಕೊಂಡ ಕಾಕು ಮತ್ತು ಪ್ರಶ್ನೆಯನ್ನು ಒಡಲಲ್ಲಿಟ್ಟುಕೊಂಡ ಕಾಕು ಎಂದು ಅವನು ಬೇರೆ ಬೇರೆ ಹೆಸರಿಟ್ಟ. ನಮಗೆ ಬೇಕಾದ ವಿಂಗಡಣೆ ಇದೇ. ‘ಆಕ್ಷೇಪಗರ್ಭ ಪ್ರಶ್ನೆ’ ಎಂದರೆ ಹೆನ್ರಿಯ ಪ್ರಶ್ನೆಗಳ ಸ್ವಭಾವವೇ ಹೆಸರಾಗುತ್ತದೆ, ಆದರೆ ಪದ ಭಾರವಾಯಿತು. ‘ಕಾಕುಪ್ರಶ್ನೆ’ ಹಗುರವಾಗಿದೆ, ಆದರೆ ಇಂದಿನ ಕಿವಿಗೆ ಕಾಕು ಎಂದರೆ ಕೊಂಕು, ವ್ಯಂಗ್ಯ. ಹೆನ್ರಿಯಲ್ಲಿ ಕೊಂಕಿನ ಜಾಗ ಕಡಿಮೆ. ಹಾಗಿದ್ದರೂ ನನ್ನ ಒಲವು ಕಾಕುಪ್ರಶ್ನೆಯ ಕಡೆಗೇ ಇದೆ. ಸವೆದ ಅರ್ಥವನ್ನು ಬಳಕೆಯಿಂದಲೇ ಸರಿಪಡಿಸಬೇಕಾಗುತ್ತದೆ.

ತೊಡಕು ಇರುವುದು ಇನ್ನೊಂದು ಕಡೆ. ಹೆನ್ರಿ ಕೆಲವೆಡೆ ತಾನೇ ಕೇಳಿ ತಾನೇ ಉತ್ತರಿಸುತ್ತಾನೆ: ವಾದ ಮಾಡಿ ನೋಡೋಣವೇ? ಅಯ್ಯಾ, ಹತ್ತು ವರ್ಷಗಳಿಂದ ಮಾಡುತ್ತಿರುವುದು ಅದನ್ನೇ. ಬ್ರಿಟನ್ ವಸಾಹತುಗಳ ಮೇಲೆ ತೆರಿಗೆ ಹೇರಿದ 1765ರ ಸ್ಟಾಂಪ್ ಕಾಯಿದೆಯಿಂದ ಲೆಕ್ಕ ಹಾಕಿದರೆ ಆ ಹತ್ತು ವರ್ಷ ಸರಿಹೊಂದುತ್ತದೆ. ಅರಿಕೆ ಮಾಡಿದೆವು, ಆಕ್ಷೇಪಿಸಿದೆವು, ಅಂಗಲಾಚಿದೆವು, ಸಿಂಹಾಸನದ ಮುಂದೆ ಅಡ್ಡಬಿದ್ದೆವು ಎಂದು ಮುಂದೆ ಪಟ್ಟಿ ಕೊಡುತ್ತಾನೆ. ಇಂಥ ಪ್ರಶ್ನೆ ಎದುರಾಳಿಯ ಬಾಯಿಂದ ಮಾತನ್ನು ಕಸಿದುಕೊಳ್ಳುತ್ತದೆ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ತಾನೇ ಎತ್ತಿ ತಾನೇ ಖಂಡಿಸುವ ನಮ್ಮ ಶಾಸ್ತ್ರಗ್ರಂಥಗಳ ಕ್ರಮಕ್ಕೆ ಇದು ಹತ್ತಿರ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗಂತೂ ಇದು ದಿನನಿತ್ಯದ ಆಯುಧ. ಇದನ್ನು ಕಾಕು ಎನ್ನಲಾಗದು, ಏಕೆಂದರೆ ಉತ್ತರ ಒಳಗಡಗಿಲ್ಲ, ಹೊರಗೇ ಬಂದಿದೆ. ಈಗ ತಾನೇ ನಾನು ಬಳಸಿದ ‘ಏಕೆಂದರೆ’ಯನ್ನೇ ನೋಡಿ: ‘ಏಕೆ ಎಂದರೆ’, ಅಂದರೆ ‘ಏಕೆ ಎಂದು ಕೇಳಿದರೆ’. ‘ಹೇಗೆಂದರೆ’, ‘ಯಾರೆಂದರೆ’ ಕೂಡ ಇದೇ ಎರಕದವು. ತಾನೇ ಕೇಳಿ ತಾನೇ ಹೇಳುವ ವರಸೆ ಕನ್ನಡದಲ್ಲಿ ಸಮುಚ್ಚಯ ಪದವಾಗಿ ಗಟ್ಟಿಯಾಗಿ ಕೂತಿದೆ. ಅದಕ್ಕೊಂದು ಹೆಸರು ಮಾತ್ರ ನನ್ನ ಕೈಗೆ ಸಿಗುತ್ತಿಲ್ಲ.

ಕೊನೆಯ ಕಾಕುವಿನಲ್ಲಿ ಒಂದು ಪದದ ಆಯ್ಕೆಯೂ ಉಳಿದಿದೆ. ಸಂಕೋಲೆಯನ್ನೂ ದಾಸ್ಯವನ್ನೂ ಬೆಲೆಯಾಗಿ ತೆತ್ತು ಕೊಳ್ಳಬೇಕಾದಷ್ಟು ಜೀವ ಪ್ರಿಯವೇ, ಶಾಂತಿ ಸಿಹಿಯೇ ಎಂದು ಕೇಳಿದ ಮೇಲೆಯೇ ಹೆನ್ರಿ, ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ ಎಂಬ ಪ್ರಸಿದ್ಧ ಮಾತಿಗೆ ಬರುತ್ತಾನೆ. ‘ದಾಸ್ಯ’ ಎಂದರೆ ಹರಿದಾಸರ ನಾಡಿನಲ್ಲಿ ಅದಕ್ಕೆ ಭಕ್ತಿಯ ಪರಿಮಳವಿದೆ, ರಾಜಕೀಯ ಭಾಷಣದ ಗಾಂಭೀರ್ಯವೂ ಇದೆ. ‘ಗುಲಾಮಗಿರಿ’ ಎಂದರೆ ಮಾತು ಒರಟಾಗಿ ನೆಲಕ್ಕಿಳಿಯುತ್ತದೆ. ನಾನು ಎರಡನೆಯದನ್ನೇ ಇಟ್ಟುಕೊಂಡಿದ್ದೇನೆ. ಹೆನ್ರಿಯೇ ಗುಲಾಮರ ಒಡೆಯನಾಗಿದ್ದ. ಅದನ್ನು ಸಮರ್ಥಿಸಲಾರೆ ಎಂದು 1773ರ ಪತ್ರವೊಂದರಲ್ಲಿ ತಾನೇ ಒಪ್ಪಿಕೊಂಡಿದ್ದ. ‘ಗುಲಾಮಗಿರಿ’ ಎಂದು ಬರೆದರೆ ಆ ಪ್ರಶ್ನೆ ಕೇಳಿದವನ ಕಡೆಗೂ ತಿರುಗುತ್ತದೆ.

ಆದ್ದರಿಂದ ನನ್ನ ಕೇಳಿಕೆ ಎರಡು. ‘ಕಾಕುಪ್ರಶ್ನೆ’ ಎಂಬ ಸಮಾಸವನ್ನು, ಕೊಂಕಿನ ಅರ್ಥವಿಲ್ಲದೆ, ಹಳೆಯ ಟೀಕೆಗಳಲ್ಲಾಗಲಿ ಪಾಠ ಹೇಳುವವರ ಬಾಯಲ್ಲಾಗಲಿ ಯಾರಾದರೂ ಕಂಡಿದ್ದೀರಾ? ಹಾಗೆಯೇ, ತಾನೇ ಕೇಳಿ ತಾನೇ ಉತ್ತರಿಸುವ ವರಸೆಗೆ ಅರ್ಥಧಾರಿಗಳ ನಡುವೆ, ಹರಿಕಥೆಯವರ ನಡುವೆ ಬಳಕೆಯಲ್ಲಿರುವ ಮಾತು ಯಾವುದಾದರೂ ಇದ್ದರೆ, ಅದನ್ನು ಕೇಳಿದ ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ವಿನಂತಿ.