ಪದಚರ್ಚೆ: ‘ಶ್ಯಾಮ್‌ರಾಕ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಸ್.ಜಿ.:
ಐರ್ಲೆಂಡಿನ ಪೋಷಕ ಸಂತ ಪ್ಯಾಟ್ರಿಕ್ ಅವರ ಮಾರ್ಚ್ 17ರ ಹಬ್ಬದ ಬಗ್ಗೆ ಶಾಲಾ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ. ಐರಿಶರು ಅಂದು ಕೋಟಿಗೆ ಸಿಕ್ಕಿಸಿಕೊಳ್ಳುವ ಮೂರೆಲೆಯ ಸೊಪ್ಪು ಶ್ಯಾಮ್‌ರಾಕ್‌ಗೆ ‘ತ್ರಿದಳ’ ಆದೀತೆ? ದಿನದ ಕೊನೆಗೆ ಅದನ್ನು ‘ಮುಳುಗಿಸುವ’ ಪದ್ಧತಿಗೆ ‘ವಿಸರ್ಜನೆ’?

ಕೆ.ವಿ.:
ತ್ರಿದಳ ಬೇಡ. ‘ತ್ರಿದಳಂ ತ್ರಿಗುಣಾಕಾರಂ’ ಕೇಳಿ ಬೆಳೆದವರಿಗೆ ಅದು ಬಿಲ್ವಪತ್ರೆ, ಬೇರೇನೂ ಅಲ್ಲ. ಹಳಗನ್ನಡದಲ್ಲಿ ಮುಯ್ಯೇಳು (ಮೂರು ಏಳು, ಅಂದರೆ 21) ಇದೆ. ಅದೇ ಜಾಡಿನಲ್ಲಿ ‘ಮುಯ್ಯೆಲೆ’. ಸಂಸ್ಕೃತದ ಹಂಗೂ ಇಲ್ಲ, ಇಂಗ್ಲಿಷಿನದೂ ಇಲ್ಲ.

ಆರ್.:
ಮುಯ್ಯೆಲೆ ಎಂದರೆ ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ಕೊಡುವ ವೀಳ್ಯದೆಲೆ ಅಂದುಕೊಳ್ಳುತ್ತಾರೆ, ಸ್ವಾಮಿ. ಪುಲ್ಲಂಪುರಚಿ ಅನ್ನಿ, ಮುಗೀತು.

ಡಿ.ಎಂ.:
ಮುಗಿಯಲಿಲ್ಲ. ಪುಲ್ಲಂಪುರಚಿಯ ಕಿರುಎಲೆ ತುದಿಯಲ್ಲಿ ಆಳವಾಗಿ ಸೀಳಿ ಹೃದಯದಾಕಾರ ಇರುತ್ತದೆ, ಬಾಯಿಗಿಟ್ಟರೆ ಹುಳಿ. ಶ್ಯಾಮ್‌ರಾಕ್ ಕ್ಲೋವರ್ ಜಾತಿಯದು, ನಮ್ಮ ಹಸುಗಳು ಮೇಯುವ ಬರ್ಸೀಂ ಸೊಪ್ಪಿನ ಬಳಗ. ಕುಂಡದಲ್ಲಿಟ್ಟು ‘ಶ್ಯಾಮ್‌ರಾಕ್’ ಎಂದು ಮಾರುವುದರಲ್ಲಿ ಪುಲ್ಲಂಪುರಚಿಯ ಬಳಗದ ಗಿಡಗಳೂ ಇರುವುದರಿಂದಲೇ ಈ ಗೊಂದಲ. ಯಾವ ಕ್ಲೋವರ್ ಎಂದು ಐರಿಶರಲ್ಲೇ ಒಮ್ಮತವಿಲ್ಲ. 1893ರಲ್ಲಿ ಸಸ್ಯಾಸಕ್ತ ನಥಾನಿಯಲ್ ಕೋಲ್ಗನ್ ಊರೂರಿನಿಂದ ಬೇರುಸಹಿತ ಗಿಡ ತರಿಸಿ, ಹೂ ಬಿಡುವವರೆಗೆ ಬೆಳೆಸಿ ನೋಡಿದರು. ಸುಮಾರು ಅರ್ಧ ಹಳದಿ ಹೂವಿನ ಸಣ್ಣ ಕ್ಲೋವರ್, ಮೂರನೇ ಒಂದು ಪಾಲು ಬಿಳಿ ಕ್ಲೋವರ್. 1988ರಲ್ಲಿ ಮತ್ತೆ ನೋಡಿದಾಗಲೂ ಅದೇ ಎರಡು ಮುಂದು. ಮಾರ್ಚ್‌ನಲ್ಲಿ ಎರಡಕ್ಕೂ ಹೂವಿರುವುದಿಲ್ಲ, ಎಲೆ ನೋಡಿ ಹೇಳುವುದು ಕಷ್ಟ.

ಇನ್ನೊಂದು: ಅದು ಮೂರು ಎಲೆಯಲ್ಲ, ಮೂರು ಕಿರುಎಲೆಗಳ ಒಂದೇ ಎಲೆ. ಬಿಲ್ವವೂ ಹಾಗೆಯೇ.

ಎಚ್.:
ಶ್ಯಾಮ ಎಂದರೆ ಕಡುಹಸಿರು ಎಂಬ ಅರ್ಥವೂ ಇದೆ. ಮೂಲ ಸಂಸ್ಕೃತವೇ ಇರಬಾರದೇಕೆ?

ಡಿ.ಎಂ.:
ಇಲ್ಲ. ಐರಿಶ್‌ನಲ್ಲಿ ಕ್ಲೋವರ್ ‘ಶಮರ್’, ಅದರ ಕಿರಿದು ‘ಶಮ್ರೋಗ್’. ನಿಮ್ಮ ಶ್ಯಾಮನಿಗೆ ಅಲ್ಲಿ ಕೆಲಸವಿಲ್ಲ.

ಎಸ್.ಜಿ. ಅವರೇ, ‘ವಿಸರ್ಜನೆ’ಯೂ ಬೇಡ, ಓದುಗರು ಕೆರೆಯ ಕಡೆ ಹೊರಡುತ್ತಾರೆ. ದಿನವಿಡೀ ಧರಿಸಿದ ಎಲೆಯನ್ನು ಕೊನೆಯ ಗ್ಲಾಸ್ ವಿಸ್ಕಿಗೋ ಪಂಚ್‌ಗೋ ಹಾಕಿ, ಶುಭ ಕೋರಿ ಕುಡಿದು, ತಳದಲ್ಲಿ ಉಳಿದ ಎಲೆಯನ್ನು ಎಡ ಹೆಗಲಿನ ಮೇಲಿಂದ ಹಿಂದಕ್ಕೆ ಎಸೆಯುವುದು ಪದ್ಧತಿ. ‘ಶ್ಯಾಮ್‌ರಾಕ್ ಮುಳುಗಿಸುವುದು’ ಎಂದೇ ಬರೆಯಿರಿ.

ಪ್ಯಾಟ್ರಿಕ್ ಈ ಎಲೆ ಹಿಡಿದು ತ್ರಯೇಕ ದೇವರನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು) ವಿವರಿಸಿದರು ಎಂಬುದಕ್ಕೆ ‘ಎಂಬ ಐತಿಹ್ಯವಿದೆ’ ಸೇರಿಸಿ. ಅವರು 5ನೇ ಶತಮಾನದವರು, ಅವರ ಸ್ವಂತ ಬರಹದಲ್ಲಿ ಈ ಮಾತಿಲ್ಲ. ಬರಹದಲ್ಲಿ ಸಿಗುವುದು 1726ರ ಸುಮಾರಿಗೆ, ಕ್ಯಾಲೆಬ್ ಥ್ರೆಲ್ಕೆಲ್ಡ್ ಅವರ ಸಸ್ಯಪಟ್ಟಿಯಲ್ಲಿ. ಜನ ಅದನ್ನು ‘ನೆನೆಸುವ’ ನೆಪದಲ್ಲಿ ವಿಪರೀತ ಕುಡಿಯುತ್ತಾರೆಂದು ಅಲ್ಲೇ ಗೊಣಗಿದ್ದಾರೆ. ಪ್ಯಾಟ್ರಿಕ್ ಐರ್ಲೆಂಡಿನಿಂದ ಹಾವುಗಳನ್ನು ಓಡಿಸಿದರು ಎಂಬುದೂ ಐತಿಹ್ಯವೇ. ಹಿಮಯುಗದ ನಂತರ ಸಮುದ್ರ ಅಡ್ಡ ಬಂದು ಹಾವುಗಳು ಆ ದ್ವೀಪ ಸೇರಲೇ ಇಲ್ಲ.

ಕೆ.ವಿ.:
ಕತೆ ಸಾಕು, ಪದ ಎಲ್ಲಿ? ಎರವಲು ತಂದು ಹಾಕುವುದಾದರೆ ಈ ಪದಚರ್ಚೆ ಯಾಕೆ?

ಆರ್.:
ಪಾದ್ರಿ, ಇಗರ್ಜಿ ಪೋರ್ಚುಗೀಸಿನಿಂದ ಬಂದವು. ಸಂತ ಪ್ಯಾಟ್ರಿಕ್‌ರ ಫಲಕದಿಂದ ಅವನ್ನೂ ತೆಗೆಸುತ್ತೀರಾ?

ಕೆ.ವಿ.:
ಅವು ಜನರ ಬಾಯಲ್ಲಿ ಪಳಗಿ ಬಂದವು. ಇದು ಗೂಗಲ್‌ನಿಂದ ನೇರ ಇಳಿದದ್ದು.

ಎಸ್.ಜಿ.:
ಹೀಗೆ ಕಳಿಸುತ್ತಿದ್ದೇನೆ: ‘ಶ್ಯಾಮ್‌ರಾಕ್: ಮೂರು ಕಿರುಎಲೆಗಳ ಎಳೆಯ ಕ್ಲೋವರ್.’ ಎರಡನೇ ಸಲದಿಂದ ಬರೀ ಶ್ಯಾಮ್‌ರಾಕ್.

ಡಿ.ಎಂ.:
ಸರಿ. ಚಿತ್ರವನ್ನೂ ನೋಡಿಕೊಳ್ಳಿ, ಡಿಸೈನರುಗಳು ನಾಲ್ಕೆಲೆಯದನ್ನು ಹಾಕಿಬಿಡುತ್ತಾರೆ. ಅದು ಅದೃಷ್ಟದ ಎಲೆ, ಶ್ಯಾಮ್‌ರಾಕ್ ಅಲ್ಲ. ಐರ್ಲೆಂಡಿನ ರಾಷ್ಟ್ರಲಾಂಛನ ಎಂದೂ ಬರೆಯಬೇಡಿ, ಅದು ಹಾರ್ಪ್ ಎಂಬ ತಂತಿವಾದ್ಯ.

ಕೆ.ವಿ.:
ಹಾರ್ಪ್‌ಗೆ ಕನ್ನಡದಲ್ಲಿ ಏನು?