ಸಹಾಯ ಬೇಕು: ಬೇರೆಯವರಿಗೆ ಕೊಟ್ಟ ಮಾತು ಉಳಿಸುತ್ತೇನೆ, ನನಗೆ ಕೊಟ್ಟದ್ದು ಮಾತ್ರ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಐದಕ್ಕೆ ಏಳಬೇಕು, ವಾಕಿಂಗ್ ಹೋಗಬೇಕು, ಡೈರಿ ಬರೆಯಬೇಕು ಅಂತ ಎಷ್ಟು ಸಲ ಶುರು ಮಾಡಿದ್ದೇನೋ ಲೆಕ್ಕವಿಲ್ಲ, ಹತ್ತನೇ ದಿನಕ್ಕೆ ಎಲ್ಲ ನಿಂತುಹೋಗುತ್ತದೆ. ನಾನು ಸೋಮಾರಿ ಅಂದುಕೊಂಡಿದ್ದೆ. ಹೋದ ತಿಂಗಳು ಸುಮ್ನೆ ಕೂತು ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಅಂತ ಬರೆದು ನೋಡಿದೆ. ಗೆಳತಿಗೆ ಬರುತ್ತೇನೆ ಅಂದ ಒಂದು ದಿನವೂ ವಾಕಿಂಗ್ ತಪ್ಪಿಸಿಲ್ಲ! ಒಬ್ಬಳೇ ಹೋಗಬೇಕಾದಾಗ ಮಾತ್ರ ನೂರು ನೆಪ. ಇನ್ನೊಂದು, ನಾನು ರಾತ್ರಿ ಹೊತ್ತು ಚುರುಕಾಗಿರುವವಳು. ಐದು ಗಂಟೆಯ ಹಟ ಯಾರನ್ನೋ ನೋಡಿ ಹಿಡಿದದ್ದು.

21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಅನ್ನುವುದನ್ನೂ ನಂಬಿ ಕೆಟ್ಟೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು 96 ಜನರನ್ನು ಇಟ್ಟುಕೊಂಡು ನೋಡಿದಾಗ ಸುಮಾರು 66 ದಿನ ಅಂತ ಲೆಕ್ಕ ಸಿಕ್ಕಿತಂತೆ, ಕೆಲವರಿಗೆ 18, ಕೆಲವರಿಗೆ 254ರವರೆಗೂ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದೂ ಇಲ್ಲವಂತೆ. ನಾನೋ, ಒಂದು ದಿನ ತಪ್ಪಿದರೆ ಡೈರಿಯನ್ನೇ ಮೂಲೆಗೆ ಎಸೆಯುವವಳು.

ವಾಕಿಂಗಿಗೆ ಗೆಳತಿ ಇದ್ದಾಳೆ, ಸರಿ. ಆದರೆ ಡೈರಿ ನನ್ನೊಬ್ಬಳದೇ ಅಲ್ವಾ, ಯಾರಿಗೂ ತೋರಿಸುವಂಥದ್ದಲ್ಲ. ಕೇಳುವವರೇ ಇಲ್ಲದ ಕೆಲಸವನ್ನು ನನ್ನಂಥವರು ಹೇಗೆ ಮುಂದುವರಿಸುತ್ತೀರಿ? ರಾತ್ರಿ ಹಲ್ಲುಜ್ಜಿದ ಕೂಡಲೇ ಎರಡೇ ಸಾಲು ಅಂತ ಮೊನ್ನೆಯಿಂದ ಮಾಡುತ್ತಿದ್ದೇನೆ. ಹೀಗೆ ಒಂದು ಕೆಲಸಕ್ಕೆ ಇನ್ನೊಂದನ್ನು ಅಂಟಿಸಿ ತಿಂಗಳುಗಟ್ಟಲೆ ಉಳಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ಬೇಗ ಏಳಿ ಅನ್ನುವ ಸಲಹೆ ಮಾತ್ರ ಬೇಡ, ಅದು ಜಾಸ್ತಿಯೇ ಸಿಕ್ಕಿದೆ.